ರೋಜಾಬಾಯಿಯ ಅಡುಗೆಮನೆ, ಸಾಹೇಬರ ರೇಡಿಯೊ

ಮಕ್ಕಳೇ,

"ಆಯೀ, ಅಮೇರಿಕಾ ಹ್ಯಾಂಗಿತ್ತು ಹೇಳ" ಎಂದು ನೀವು ಕಾಡಿದಾಗೆಲ್ಲ ನಾನು ಹಡಗಿನ ಕಥೆ ಹೇಳಿ, ಹಾರುವ ಮೀನಿನ ಕಥೆ ಹೇಳಿ ತಪ್ಪಿಸಿಕೊಂಡಿದ್ದೇನೆ. ನಾಲ್ಕು ಜನರ ಮುಂದೆ ಕೂತು ಮಾತಾಡುವುದು ನನ್ನಿಂದಾಗದು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಈಗ ನಿಮ್ಮಪ್ಪ ಮನೆಗೆ ರೇಡಿಯೊ ತಂದಿದ್ದಾರೆ. ಅದರೊಳಗಿನವರು ಏನು ಹೇಳಿದರೂ ನೀವು ಬಾಯಿ ತೆರೆದು ಕೇಳುತ್ತೀರಿ. ಅದನ್ನು ನೋಡಿ, ಇಷ್ಟು ದಿನ ಹೇಳದೆ ಬಿಟ್ಟದ್ದನ್ನು ಬರೆಯೋಣ ಅನ್ನಿಸಿತು.

ಅಲ್ಲಿಯ ಮುಗಿಲು ಮುಟ್ಟುವ ಮನೆಗಳನ್ನು ನಾನು ಮೋಟಾರಿನ ಕಿಟಕಿಯಿಂದ ಕಂಡದ್ದಷ್ಟೇ. ನನ್ನ ಪಾಲಿನ ಅಮೇರಿಕಾ ಎಂದರೆ ಒಂದು ಸಣ್ಣ ಊರು, ಅದರಲ್ಲಿ ಒಂದು ಬೇಲಿ, ಬೇಲಿಯ ಆಚೆಗೊಂದು ಈಚೆಗೊಂದು ಅಡುಗೆಮನೆ. ಅಲ್ಲಿಯವರು ಇಂಗ್ಲಿಷಿನಲ್ಲಿ ಆಡಿದ್ದನ್ನೆಲ್ಲ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ನನ್ನ ತಲೆಯಲ್ಲಿ ಅದು ಉಳಿದಿರುವುದೇ ಹಾಗೆ.

ಹುಬ್ಬಳ್ಳಿ ಸ್ಟೇಷನ್

ನಾನು ಹೆಬ್ಬಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿ ಸುಳ್ಳ ಎಂಬ ಹಳ್ಳಿಗೆ ಸೊಸೆಯಾಗಿ ಬಂದವಳು. ನಿಮ್ಮ ಮುತ್ಯಾ, ಅಂದರೆ ನನ್ನ ಗಂಡ, ತೀರಿಕೊಂಡ ಮೇಲೆ ನಿಮ್ಮವ್ವನನ್ನು ಕಟ್ಟಿಕೊಂಡು ಹುಬ್ಬಳ್ಳಿಗೆ ಬಂದು, ಹೆಂಗಸರ ಮಿಶನ್ ದವಾಖಾನೆಯಲ್ಲಿ ಕೆಲಸಕ್ಕೆ ನಿಂತೆ. ನೀರು ಕಾಯಿಸುವುದು, ಹಾಸಿಗೆ ಬದಲಿಸುವುದು, ಹೆರಿಗೆಗೆ ಬಂದವರ ಕೈ ಹಿಡಿದು ಕೂರುವುದು. ಅಲ್ಲಿಯ ದೊಡ್ಡ ಡಾಕ್ಟರಬಾಯಿ ಎಡ್ನಾ. ಹರೆಯದಲ್ಲಿ ಅಮೇರಿಕಾದಿಂದ ಬಂದವರು ಕೂದಲು ಬೆಳ್ಳಗಾಗುವವರೆಗೆ ಇಲ್ಲೇ ಇದ್ದರು. ಕಣ್ಣು ಮುಚ್ಚಿಕೊಂಡು ಕೇಳಿದರೆ ಯಾರೋ ಹುಬ್ಬಳ್ಳಿಯ ಗೌಡಶಾನಿ ಜಬರಿಸುತ್ತಿದ್ದಾಳೆ ಅನ್ನಬೇಕು, ಹಾಗೆ ನಮ್ಮ ಮಾತು ಆಡುತ್ತಿದ್ದರು.

ಅವರಿಗೆ ಎದೆಬೇನೆ ಬಂತು. ತಮ್ಮನ ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಬೇಕೆಂದು ಹೇಳಿದರು. ದಾರಿಯಲ್ಲಿ ನೋಡಿಕೊಳ್ಳಲು ಒಬ್ಬರು ಬೇಕಿತ್ತು.

"ನೀಲವ್ವಾ, ನೀ ಬರ್ತೀಯೇನು?" ಎಂದು ಕೇಳಿದರು. "ಹಡಗಿನ್ಯಾಗ ನಾ ಸತ್ತರ ಅಳಾಕ ಒಬ್ಬರಾದ್ರೂ ಬೇಕಲ್ಲ."

"ಹಂಗ್ಯಾಕ ಅಂತೀರಿ ಬಾಯಾರ" ಎಂದೆನೇ ಹೊರತು ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಸುಳ್ಳದಿಂದ ಭಾವ ಓಡಿ ಬಂದರು. "ಅಲ್ಲಿ ಹಂದಿ ತಿಂತಾರ, ಗೊತ್ತೈತೇನು? ನೀ ಉಪವಾಸ ಸಾಯಾಕಿ" ಎಂದರು. ನಿಮ್ಮವ್ವ ಮಾತ್ರ, "ಹೋಗಿ ಬಾ ಯವ್ವಾ. ನೀ ಏನೂ ನೋಡಿಲ್ಲ" ಎಂದು ಖಡಕ್ ರೊಟ್ಟಿಯ ಎರಡು ದೊಡ್ಡ ಗಂಟು, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕುಟ್ಟಿ ಕಟ್ಟಿಕೊಟ್ಟಳು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ವರುಷ ಅದು.

ಬಂದರದ ಸುಂಕದ ಕಟ್ಟೆ

ಹಡಗಿನಲ್ಲಿ ಎದೆಬೇನೆಯ ಬಾಯಾರು ಗಟ್ಟಿಯಾಗೇ ಇದ್ದರು. ಮಲಗಿದವಳು ನಾನು. ನಾನು ಅವರನ್ನು ನೋಡಿಕೊಳ್ಳುವುದು ಹೋಗಿ, ಅವರೇ ನನ್ನ ತಲೆಗೆ ಒದ್ದೆ ಬಟ್ಟೆ ಹಾಕುತ್ತ, "ಛಲೋ ಆಳು ಕರ್ಕೊಂಡು ಬಂದೆ ನಾ" ಎಂದು ನಗುತ್ತಿದ್ದರು.

ಅಮೇರಿಕಾದ ಬಂದರದಲ್ಲಿ ಸುಂಕದವನು ನನ್ನ ಗಂಟು ಬಿಚ್ಚಿದ. ಖಡಕ್ ರೊಟ್ಟಿ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ, ಬೆರಳಿನಿಂದ ಬಡಿದು ಸಪ್ಪಳ ಕೇಳಿದ, ಗ್ರಾಮಫೋನಿನ ಹಾಡಿನ ತಟ್ಟೆಯೇ ಎಂದು ಬಾಯಾರನ್ನು ಕೇಳಿದ. ತಿನ್ನುವ ವಸ್ತು ಎಂದು ಅವರು ಎಷ್ಟು ಹೇಳಿದರೂ ನಂಬಲಿಲ್ಲ. ಕಡೆಗೆ ನಾನೇ ಒಂದು ಚೂರು ಮುರಿದು ಕಟುಂ ಕಟುಂ ತಿಂದು ತೋರಿಸಿದೆ. ಅವನು ಟೊಪ್ಪಿಗೆ ತೆಗೆದು ನಮಸ್ಕಾರ ಮಾಡಿ ಬಿಟ್ಟುಕೊಟ್ಟ. ನನ್ನ ಹಲ್ಲಿಗೆ ಮಾಡಿದ್ದೋ ರೊಟ್ಟಿಗೆ ಮಾಡಿದ್ದೋ ತಿಳಿಯಲಿಲ್ಲ.

ಗೋಧಿಯ ಊರು

ಬಂದರದಿಂದ ರೈಲಿನಲ್ಲಿ ಬಹಳ ದೂರ ಒಳನಾಡಿಗೆ ಹೋದೆವು. ಕಿಟಕಿಯಲ್ಲಿ ಕಣ್ಣು ಹಾಯುವಷ್ಟೂ ಹೊಲ. ನವಲಗುಂದದ ಕಡೆ ಎರೆ ಹೊಲದಲ್ಲಿ ನಿಂತಂತೆ ಅನ್ನಿಸಿ ನನ್ನ ಹೆದರಿಕೆ ಅರ್ಧ ಇಳಿಯಿತು. ಇಳಿದ ಊರು ನಮ್ಮ ಧಾರವಾಡಕ್ಕಿಂತ ಸಣ್ಣದು. ಸ್ವಚ್ಛ ಬೀದಿ, ಮನೆ ಮನೆಗೆ ಹುಲ್ಲಿನ ಅಂಗಳ. ಆದರೆ ಕಟ್ಟೆಯ ಮೇಲೆ ಕೂತು ಬೀದಿ ನೋಡುವವರು ಒಬ್ಬರೂ ಇಲ್ಲ. ಎಲ್ಲರೂ ಒಳಗೆ. ಊರೇ ಯಾವುದೋ ಸೂತಕದಲ್ಲಿದೆ ಅಂದುಕೊಂಡಿದ್ದೆ.

ಬಾಯಾರ ತಮ್ಮ ಕ್ಲೈಡ್ ಸಾಹೇಬರು ಸ್ಟೇಷನ್ನಿಗೆ ಬಂದಿದ್ದರು. ಹೆಂಡತಿ ತೀರಿಕೊಂಡು ಒಬ್ಬರೇ ಇದ್ದವರು. ಗೋಧಿ ತುಂಬುವ ಎರಡು ಉಗ್ರಾಣಗಳಿದ್ದವು, ಊರಲ್ಲಿ ಮಾನವಿತ್ತು. ನನ್ನ ಬರಿಗಾಲು ನೋಡಿ ಮರುದಿನವೇ ಉಣ್ಣೆಯ ಕಾಲುಚೀಲ, ಬೂಟು ತಂದುಕೊಟ್ಟರು. "ನಮಸ್ಕಾರ" ಎಂದು ಹೇಳುವುದನ್ನು ಅಕ್ಕನಿಂದ ಕಲಿತು, ದಿನಾ ಮುಂಜಾನೆ ನನಗೆ ಹೇಳುತ್ತಿದ್ದರು. ಊಟಕ್ಕೆ ಮೊದಲು ಕಣ್ಣು ಮುಚ್ಚಿ ದೇವರನ್ನು ನೆನೆಯುವಾಗ ನನ್ನ ಹೆಸರನ್ನೂ ಸೇರಿಸುತ್ತಿದ್ದರು. ಇದನ್ನು ಮರೆಯಬೇಡಿ. ಮುಂದೆ ಬರುವುದನ್ನು ಓದುವಾಗ ಅವರು ಕೆಟ್ಟವರೆಂದು ನಿಮಗೆ ಅನ್ನಿಸಬಹುದು. ನನಗೆ ಅಷ್ಟು ಸುಲಭವಾಗಿ ಅನ್ನಿಸಲಿಲ್ಲ.

ಬಂದ ವಾರದಲ್ಲೇ ಭಾವ ಹೇಳಿದ್ದು ನಿಜವಾಯಿತು. ಅಡುಗೆಯವಳು ಸೇಬುಹಣ್ಣು ತುಂಬಿದ ಸಿಹಿ ಕಡಬಿನಂಥದೊಂದು ಮಾಡಿದ್ದಳು. ಹಣ್ಣು, ಸಕ್ಕರೆ, ಹಿಟ್ಟು. ಎರಡು ಸಲ ಹಾಕಿಸಿಕೊಂಡು ತಿಂದೆ. ಬಾಯಾರು ಆಮೇಲೆ ಬಂದು ನೋಡಿ ಹಣೆಗೆ ಕೈ ಹಚ್ಚಿದರು. ಆ ಹಿಟ್ಟನ್ನು ಕಲಸಿದ್ದು ಹಂದಿಯ ಕೊಬ್ಬಿನಲ್ಲಿ. ನನಗೆ ಹಿತ್ತಲಲ್ಲಿ ವಾಂತಿಯಾಯಿತು. ಆ ಮನೆಯ ಬಿಸ್ಕತ್ತು, ಪಲ್ಯ, ರೊಟ್ಟಿ ಎಲ್ಲದರಲ್ಲೂ ಅದೇ. ಕಾವಲಿಗೆ ಸವರುವುದೂ ಅದನ್ನೇ. ಸಾಹೇಬರು ಬಹಳ ನೊಂದುಕೊಂಡರು. ನಾನು ಊರಿನ ರೊಟ್ಟಿ, ಹಿಂಡಿ, ಹಾಲಿನ ಮೇಲೆ ದಿನ ದೂಡಿದೆ. ಗಂಟು ಕರಗುತ್ತ ಬಂತು.

ಬೇಲಿಯಾಚೆ

ಪಕ್ಕದ ಮನೆಯ ರೋಜಾಬಾಯಿ ನಾನು ವಾಂತಿ ಮಾಡಿದ್ದನ್ನು ಬೇಲಿಯ ಮೇಲಿಂದ ಕಂಡಿದ್ದರು. ನನ್ನ ವಯಸ್ಸಿನವರೇ, ದುಂಡು ಮುಖ, ತೋಳಿನವರೆಗೆ ಹಿಟ್ಟು. ಗಂಡ ಪೇಟೆಯಲ್ಲಿ ಬೂಟಿನ ಅಂಗಡಿ ಇಟ್ಟಿದ್ದರು. ವಿಷಯ ತಿಳಿದು ನನ್ನ ಕೈ ಹಿಡಿದು ತಮ್ಮ ಅಡುಗೆಮನೆಗೆ ಕರೆದುಕೊಂಡು ಹೋದರು. ಗೋಡೆಯ ಒಂದು ಮಗ್ಗುಲಿಗೆ ನೀಲಿ ಅಂಚಿನ ಪಾತ್ರೆ, ಇನ್ನೊಂದು ಮಗ್ಗುಲಿಗೆ ಕೆಂಪು ಅಂಚಿನವು. ನೀಲಿಯವುಗಳಲ್ಲಿ ಹಾಲು, ಬೆಣ್ಣೆ, ಹಿಟ್ಟು, ಕಾಯಿಪಲ್ಯ ಮಾತ್ರ. ಕೆಂಪಿನವು ಮಾಂಸಕ್ಕೆ. ಒಂದರ ಚಮಚ ಇನ್ನೊಂದಕ್ಕೆ ತಾಕಿಸುವಂತಿಲ್ಲ, ತೊಳೆಯುವ ಅರಿವೆಯೂ ಬೇರೆ. ಹಂದಿಯಂತೂ ಆ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ.

ನಮ್ಮಲ್ಲಿ ಹಾಲಿನ ಗಡಿಗೆಯನ್ನು ಬೇರೆ ನೆಲುವಿನ ಮೇಲೆ ಇಡುವುದು ನೆನಪಾಗಿ ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟು ದೂರ ಬಂದು ನಮ್ಮಂತೆ ಪಾತ್ರೆಗೆ ಹೆದರುವವರನ್ನು ಕಂಡೆನಲ್ಲ!

"ಇವು ನಿಮ್ಮ ಪಾಲಿಗೆ" ಎಂದು ನೀಲಿ ಪಾತ್ರೆ ತೋರಿಸಿದರು. "ದಿನಾ ಬರ್ರಿ. ಹಿಟ್ಟು ನಾದಾಕ ಒಂದು ಜೊತಿ ಕೈ ಆದ್ರೂ ಆಗ್ತೈತಿ."

ಅವರೂ ಹೊರನಾಡಿನವರು, ವಿಯೆನ್ನಾ ಎಂಬ ಊರಿನವರು. ಇಬ್ಬರದೂ ಮುರುಕು ಇಂಗ್ಲಿಷ್ ಆದ್ದರಿಂದ ನಮ್ಮ ನಡುವೆ ತೊಡಕೇ ಆಗಲಿಲ್ಲ. ಅವರು ಯೆಹೂದ್ಯರೆಂದು ಬಾಯಾರು ಹೇಳಿದರು. ಆ ಹೆಸರನ್ನು ನಾನು ಹುಬ್ಬಳ್ಳಿ ದವಾಖಾನೆಯ ಮುಂಜಾನೆಯ ಪ್ರಾರ್ಥನೆಯಲ್ಲಿ ಮಾತ್ರ ಕೇಳಿದ್ದೆ. ಹಳೆಯ ಕಾಲದ ಯಾರೋ ರಾಜರು, ಋಷಿಗಳು ಅಂದುಕೊಂಡಿದ್ದೆ. ಬೂಟಿನ ಅಂಗಡಿ ಇಟ್ಟುಕೊಂಡು ಇನ್ನೂ ಇದ್ದಾರೆಂದು ತಿಳಿದಿರಲಿಲ್ಲ.

ವಾರದಲ್ಲಿ ಮೂರು ನಾಲ್ಕು ಸಂಜೆ ಕ್ಲೈಡ್ ಸಾಹೇಬರೂ ಅಲ್ಲಿಗೆ ಬರುತ್ತಿದ್ದರು, ಹಿತ್ತಲ ಬಾಗಿಲಿನಿಂದ. ಹೆಂಡತಿ ಹೋದಾಗಿನಿಂದ ಅದು ರೂಢಿಯಂತೆ. ಜಡೆಯಂತೆ ಹೆಣೆದ ಬ್ರೆಡ್ಡು ಒಲೆಯಿಂದ ಬರುವ ಹೊತ್ತಿಗೆ ಸರಿಯಾಗಿ ಬಂದು, ತಾವೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

"ರೋಜಾಬಾಯಿ, ಇಂಥಾ ಬ್ರೆಡ್ಡು ಈ ರಾಜ್ಯದಾಗೇ ಇಲ್ಲ ನೋಡ್ರಿ."

"ಸುಳ್ಳು ಹೇಳೋರಿಗೆ ತುದಿ ತುಂಡು ಇಲ್ಲ."

"ಖರೇ ಹೇಳಿದ್ರ?"

"ಖರೇ ಹೇಳಿದ್ರ ಎರಡು."

ಹೀಗೆ ನಗೆ. ಆ ನಗೆಯ ನಡುವೆಯೇ ಒಂದು ಸಂಜೆ ರೋಜಾಬಾಯಿ ತಮ್ಮ ತಂಗಿಯ ಮಾತು ಎತ್ತಿದರು. ತಂಗಿ ಹಾನಾ ಮತ್ತು ಅವಳ ಸಣ್ಣ ಮಗಳು ಇನ್ನೂ ವಿಯೆನ್ನಾದಲ್ಲಿದ್ದರು. ಅಲ್ಲಿ ಯೆಹೂದ್ಯರ ಅಂಗಡಿ ಒಡೆಯುತ್ತಿದ್ದರು, ಗಂಡಸರನ್ನು ಎಳೆದೊಯ್ಯುತ್ತಿದ್ದರು. ಹಾನಾಳ ಗಂಡನನ್ನೂ ಒಯ್ದಿದ್ದರು. ಇಲ್ಲಿಗೆ ಕರೆಸಿಕೊಳ್ಳಬೇಕೆಂದರೆ, ಅವರು ಸರಕಾರಕ್ಕೆ ಭಾರವಾಗುವುದಿಲ್ಲ ಎಂದು ಇಲ್ಲಿಯವರು ಜಾಮೀನು ನಿಲ್ಲಬೇಕಿತ್ತು. ಬೂಟಿನ ಅಂಗಡಿಯ ಜಾಮೀನು ಸಾಲದು, ಆಸ್ತಿವಂತರೊಬ್ಬರು ಬೇಕು ಎಂದು ಕಚೇರಿಯವರು ಹೇಳಿದ್ದರು.

"ನಾ ನಿಲ್ತೇನಿ" ಎಂದರು ಸಾಹೇಬರು, ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ. "ಅದೇನು ದೊಡ್ಡ ಮಾತು? ಸುಗ್ಗಿ ಮುಗಿದ ಕೂಡಲೇ ಸಹಿ ಮಾಡ್ತೇನಿ."

ರೋಜಾಬಾಯಿ ಅವತ್ತೇ ಹಿಂದಿನ ಕೋಣೆಗೆ ಸುಣ್ಣ ಹೊಡೆಸಲು ಶುರುಮಾಡಿದರು.

ಪೆಟ್ಟಿಗೆಯ ದನಿ

ಸಾಹೇಬರಿಗೆ ಇನ್ನೊಂದು ಕೆಲಸವಿತ್ತು. ಆ ಊರಿಗೆ ತನ್ನದೇ ರೇಡಿಯೊ ಇತ್ತು. ದಿನಾ ಮುಂಜಾನೆ ನಾಷ್ಟಾದ ಹೊತ್ತಿಗೆ ಅವರು ಅದರಲ್ಲಿ ಮಾತಾಡುತ್ತಿದ್ದರು. ಒಂದು ಹಿಟ್ಟಿನ ಕಂಪನಿ ಅದಕ್ಕೆ ಖರ್ಚು ಹಾಕುತ್ತಿತ್ತು. ಊರೆಲ್ಲ ಅವರನ್ನು ಅಂಕಲ್ ಕ್ಲೈಡ್ ಎನ್ನುತ್ತಿತ್ತು, ನಮ್ಮಲ್ಲಿ ಕಾಕಾ ಅಂದ ಹಾಗೆ.

ಮೊದಲ ದಿನ ಪೆಟ್ಟಿಗೆಯಿಂದ ಮನೆಯ ಹಿರಿಯರ ದನಿ ಬಂದ ಕೂಡಲೇ ನಾನು ಎದ್ದು ನಿಂತು ಸೆರಗು ಎಳೆದುಕೊಂಡೆ.

"ನೀಲವ್ವಾ, ಪೆಟಿಗಿಗೆ ಕಣ್ಣಿಲ್ಲ, ಕೂಡು" ಎಂದು ಬಾಯಾರು ನಕ್ಕರು. ನನಗೆ ಕೂರಲು ಮನಸ್ಸು ಬರಲಿಲ್ಲ.

ಎಂಥ ದನಿ ಅದು! ಬೆಲ್ಲದ ಪಾಕ ಎಳೆ ಬಂದ ಹಾಗೆ. ಮಳೆ ಬರುತ್ತದೋ ಇಲ್ಲವೋ ಹೇಳುವರು, ಯಾರ ಮನೆಯಲ್ಲಿ ಕೂಸು ಹುಟ್ಟಿತು ಹೇಳುವರು, ಮುದುಕರ ಹೆಸರು ಹಿಡಿದು ಬೇಗ ಗುಣವಾಗಲಿ ಎನ್ನುವರು, ಆಮೇಲೆ ಸಂಸಾರ ಹೇಗಿರಬೇಕು, ದೇವರಿಗೆ ಹೇಗೆ ನಡೆದುಕೊಳ್ಳಬೇಕು ಎಂದು ಒಂದು ಬುದ್ಧಿಮಾತು. ನನಗೆ ಇಂಗ್ಲಿಷ್ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಮಠದಲ್ಲಿ ಪುರಾಣ ಕೇಳುವವರಂತೆ ಭಕ್ತಿಯಿಂದ ನಿಂತು ಕೇಳುತ್ತಿದ್ದೆ.

ರೋಜಾಬಾಯಿಯ ಜೊತೆ ಹಿಟ್ಟು ನಾದುತ್ತ ನಾದುತ್ತ ಕಿವಿ ಬಲಿಯಿತು. ಬುದ್ಧಿಮಾತಿನ ಕೊನೆಗೆ ದಿನಾ ಒಂದು ಶಬ್ದ ಬರುವುದು ಗಮನಕ್ಕೆ ಬಂತು. ಅದು ರೋಜಾಬಾಯಿಯ ಜನರ ಹೆಸರು. ಒಂದು ಮುಂಜಾನೆ ಪೂರಾ ಮಾತು ತಿಳಿಯಿತು. ಆ ಜನ ಬ್ಯಾಂಕುಗಳನ್ನು ಹಿಡಿದಿದ್ದಾರೆ, ಪತ್ರಿಕೆಗಳನ್ನು ಹಿಡಿದಿದ್ದಾರೆ, ನಮ್ಮ ಹುಡುಗರನ್ನು ಯುದ್ಧಕ್ಕೆ ನೂಕಲು ನೋಡುತ್ತಿದ್ದಾರೆ, ಈಗ ಹಡಗಿನ ಮೇಲೆ ಹಡಗು ತುಂಬಿ ಬರುತ್ತಿದ್ದಾರೆ. ಬಾಗಿಲು ಭದ್ರ ಮಾಡಿಕೊಳ್ಳಿರಿ ಎಂದರು. ನಡುವೆ ಆ ಜನರ ಮೂಗಿನ ಬಗ್ಗೆ ಒಂದು ಚಾಷ್ಟಿಯ ನಗೆಮಾತು. ಅದೇ ಬೆಲ್ಲದ ದನಿ.

ನಾನು ಬಾಯಾರ ಮುಖ ನೋಡಿದೆ. ಅವರು ಚಹಾದ ಕಪ್ಪಿನೊಳಗೆ ನೋಡುತ್ತಿದ್ದರು.

"ಬಾಯಾರ, ಇವರು ರೋಜಾಬಾಯಾರ ಮಂದಿಗೇ ಅನ್ನಾಕತ್ತಾರೇನ್ರಿ?"

"ಹೌದು."

"ನಿನ್ನೆ ಸಂಜಿಕ ಅಲ್ಲೇ ಉಂಡ್ರಲ್ರಿ?"

"ಹೌದು, ನೀಲವ್ವಾ. ಹೌದು."

ಬೇಲಿಯಾಚೆ ಹೋದರೆ ರೋಜಾಬಾಯಿಯ ಅಡುಗೆಮನೆಯಲ್ಲೂ ಅದೇ ರೇಡಿಯೊ ನಡೆದಿತ್ತು. ಯಾಕೆ ಕೇಳುತ್ತೀರೆಂದು ಕೇಳಿದೆ.

"ಮಳಿ ಬರ್ತೈತೋ ಇಲ್ಲೋ ಅವನಷ್ಟು ಬರೋಬ್ಬರಿ ಯಾರೂ ಹೇಳೂದಿಲ್ಲ. ನನಗ ಅರಿವಿ ಒಣಗಿಸಬೇಕಲ್ಲ?" ಎಂದು ನಕ್ಕರು. ಆಮೇಲೆ ಹಿಟ್ಟಿನ ಮೇಲೆ ಬಟ್ಟೆ ಮುಚ್ಚುತ್ತ, "ಸಹಿ ಆಗೂ ತನಕ ನನ್ನ ಕಿವಿ ಕೆಪ್ಪು, ನೀಲಾ" ಎಂದರು.

ಇದೆಲ್ಲ ಅಮೇರಿಕಾದ ವಿಚಿತ್ರ ಎಂದು ತಿಳಿಯಬೇಡಿ. ಸುಳ್ಳದ ಚಾವಡಿಯಲ್ಲಿ ನಿಮ್ಮ ದೊಡ್ಡಮುತ್ಯಾ, ಅಂದರೆ ನನ್ನ ಭಾವ, ತುರುಕರನ್ನು ಊರಲ್ಲಿ ಇಟ್ಟುಕೊಳ್ಳಬಾರದೆಂದು ಎದೆ ತಟ್ಟಿ ಹೇಳುತ್ತಿದ್ದರು. ಜನ ಹೌದು ಹೌದು ಎನ್ನುತ್ತಿದ್ದರು. ಮಗನಿಗೆ ಜ್ವರ ಏರಿದ ದಿನ ಅದೇ ಭಾವ ಪಿಂಜಾರ ಇಮಾಮಸಾಬರ ಮನೆಗೆ ಹೋಗಿ ಕೂಸನ್ನು ಅವರ ತೊಡೆಯ ಮೇಲೆ ಹಾಕಿ, "ಒಂದು ತಾಯತ ಕಟ್ರಿ ಕಾಕಾ" ಎಂದು ಕೈ ಮುಗಿದರು. ಕೂಸು ಉಳಿಯಿತು. ಮುಂದಿನ ಅಮಾಸೆಗೆ ಚಾವಡಿಯಲ್ಲಿ ಮತ್ತೆ ಅದೇ ಮಾತು. ಇಮಾಮಸಾಬರು ಹೊರಗೆ ಗಾದಿಯ ಹತ್ತಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದರು. ಆದರೆ ಚಾವಡಿಯ ಮಾತು ಊರ ಅಗಸಿ ಬಾಗಿಲವರೆಗೆ ಮಾತ್ರ ಹೋಗುತ್ತಿತ್ತು. ಸಾಹೇಬರದು ಆ ಸೀಮೆಯ ಮನೆ ಮನೆಗೆ ಹೋಗುತ್ತಿತ್ತು.

ಕಂಬಳಿ ಗೋಡೆಯ ಕೋಣೆ

ಸುಗ್ಗಿ ಮುಗಿಯಿತು. ಸಾಹೇಬರು, ಉಗ್ರಾಣದ ಲೆಕ್ಕ ಮುಗಿಯಲಿ ಎಂದರು. ಅದು ಮುಗಿಯಿತು. ಹಿಟ್ಟಿನ ಕಂಪನಿಯವರು ಮುಂದಿನ ವರುಷದ ರೇಡಿಯೊ ಕರಾರು ಗಟ್ಟಿ ಮಾಡಲಿ ಎಂದರು. ಒಮ್ಮೆಯೂ ಇಲ್ಲವೆನ್ನಲಿಲ್ಲ. ಬಂದು ಉಂಡು ಹೋಗುತ್ತಿದ್ದರು. ವಿಯೆನ್ನಾದಿಂದ ಬರುವ ಸುದ್ದಿ ಮಾತ್ರ ವಾರದಿಂದ ವಾರಕ್ಕೆ ಕೆಡುತ್ತಿತ್ತು. ಬಾಯಾರು ತಾವೇ ಜಾಮೀನು ನಿಲ್ಲಲು ನೋಡಿದರು. ಇಡೀ ಬಾಳು ಮಿಶನ್ನಿಗೆ ಕೊಟ್ಟವರ ಹೆಸರಲ್ಲಿ ಒಂದು ಕುರ್ಚಿಯೂ ಇರಲಿಲ್ಲ.

ಒಂದು ದಿನ ಊಟದ ಮೇಜಿನಲ್ಲಿ ಅಕ್ಕ ತಮ್ಮನನ್ನು ನೇರ ಕೇಳಿಯೇಬಿಟ್ಟರು.

"ಅಕ್ಕಾ, ರೇಡಿಯೊ ಮಾತು ರೇಡಿಯೊಕ್ಕ, ಮನಿ ಮಾತು ಮನಿಗೆ" ಎಂದರು ಸಾಹೇಬರು. "ಜನ ಕೇಳಾಕ ಬಯಸೂದನ್ನ ಹೇಳ್ತೇನಿ. ರೋಜಾಬಾಯಿ ವಿಷಯ ಬ್ಯಾರೇ. ಆಕಿ ಅಂಥಾಕಿ ಅಲ್ಲ."

"ಮತ್ತ ಎಂಥಾಕಿ ಅಂಥಾಕಿ?"

ಸಾಹೇಬರು ನನ್ನ ಕಡೆ ತಿರುಗಿ, ಮುಂದಿನ ವಾರ ರೇಡಿಯೊಕ್ಕೆ ಬಂದು ಎರಡು ಮಾತು ಆಡುತ್ತೀರಾ ಎಂದು ಕೇಳಿದರು. ಹಿಂದೂಸ್ತಾನದ ಹೆಣ್ಣುಮಗಳು ಈ ಊರನ್ನು ಹೊಗಳಿದರೆ ಕೇಳುವವರಿಗೆ ಖುಷಿಯಾಗುತ್ತದಂತೆ. ನಾನು ಕನ್ನಡದಲ್ಲಿ ಹೇಳುವುದು, ಬಾಯಾರು ಇಂಗ್ಲಿಷಿನಲ್ಲಿ ತಿರುಗಿಸುವುದು. ಆಗಲ್ಲ ಎನ್ನಲು ನನಗೆ ಯಾವಾಗ ಬಂದಿದೆ?

ಆ ಕೋಣೆ ಒಂದು ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಗೋಡೆಗೆಲ್ಲ ದಪ್ಪ ಕಂಬಳಿ. ಒಂದು ಮೂಲೆಯಲ್ಲಿ ಪಿಯಾನೊ, ಅದರ ಮುಂದೆ ಒಬ್ಬ ಹೆಂಗಸು. ನಾನು ಗುಡಿಯೆಂದುಕೊಂಡವಳಂತೆ ಬೂಟು ಬಾಗಿಲಲ್ಲೇ ಬಿಟ್ಟು ಹೋದೆ. ಕೆಂಪು ದೀಪ ಹತ್ತಿತು. ಸಾಹೇಬರು ನನ್ನನ್ನು ಬಹಳ ಹೊಗಳಿ, ನಮ್ಮ ಊರಿನಲ್ಲಿ ನಿಮಗೆ ಏನು ಹಿಡಿಸಿತು ಎಂದು ಕೇಳಿದರು.

ನಾನು ಕಣ್ಣು ಕೆಳಗೆ ಹಾಕಿ ಹೇಳಿದ್ದು ಇಷ್ಟೇ: "ಊರು ಛಲೋ ಐತ್ರಿ. ಎಲ್ಲಾರೂ ಛಲೋ ನೋಡ್ಕೊಂಡಾರ. ಊಟದ್ದು ತ್ರಾಸ ಇತ್ತು, ಬಾಜೂ ಮನಿ ರೋಜಾಬಾಯಾರು ತಪ್ಪಿಸಿದ್ರು. ಶರಣ್ರಿ."

ಬಾಯಾರು ಇಂಗ್ಲಿಷಿನಲ್ಲಿ ಶುರುಮಾಡಿದರು. ನಾನು ಆಡಿದ್ದು ಒಂದು ಹಿಡಿ, ಅವರು ಸುರಿದದ್ದು ಒಂದು ಚೀಲ. ರೋಜಾಬಾಯಿಯ ಹೆಸರು ದಾಟಿತು, ಮಾತು ನಿಲ್ಲಲಿಲ್ಲ. "ಈಕೆಗೆ ಒಂದು ವಿಷಯ ಅರ್ಥವಾಗಿಲ್ಲವಂತೆ" ಎಂದರು. "ಈಕೆ ಇಳಿದುಕೊಂಡ ಮನೆಯ ಯಜಮಾನರು ಸಂಜೆ ಆ ಯೆಹೂದ್ಯ ಹೆಣ್ಣುಮಗಳ ಮೇಜಿನಲ್ಲೇ ಉಣ್ಣುತ್ತಾರೆ. ಅವಳ ತಂಗಿಗೆ ಜಾಮೀನು ನಿಲ್ಲುವೆನೆಂದು ಮಾತು ಕೊಟ್ಟಿದ್ದಾರೆ. ಮುಂಜಾನೆ ಇಲ್ಲಿ ಬಂದು, ಆ ತಂಗಿಯಂಥವರನ್ನು ಹಡಗಿನಿಂದ ಇಳಿಸಿಕೊಳ್ಳಬೇಡಿರಿ ಎನ್ನುತ್ತಾರೆ. ಇದರಲ್ಲಿ ಯಾವ ಕ್ಲೈಡ್ ನಿಜವಾದವರು ಎಂದು ಕೇಳುತ್ತಿದ್ದಾಳೆ."

ಸಾಹೇಬರ ಕುತ್ತಿಗೆಯಿಂದ ಕೆಂಪು ಏರುತ್ತ ಹೋಯಿತು. ಪಿಯಾನೊದವಳು ಯಾರೂ ಹೇಳದೆಯೇ ಒಂದು ಭಜನೆ ಬಾರಿಸಲು ಶುರುಮಾಡಿದಳು.

ಹೊರಗೆ ಮೆಟ್ಟಿಲ ಮೇಲೆ ಬಾಯಾರು ಎದೆ ಹಿಡಿದುಕೊಂಡು ಕೂತರು. "ನಿನ್ನ ಬಾಯಾಗ ನನ್ನ ಮಾತು ತುರುಕಿದೆ, ನೀಲವ್ವಾ. ನಾನಾಗಿ ಹೇಳಿದ್ರ ಅಕ್ಕ ತಮ್ಮರ ಜಗಳ ಅಂತಿದ್ರು. ನೀ ಹೇಳಿದ್ರ ಕೇಳ್ತಾರ ಅನ್ನಿಸ್ತು. ಈಗ ಅವನಿಗೆ ಹಿಂದ ಸರಿಯಾಕ ಆಗೂದಿಲ್ಲ, ನೋಡು. ಊರೆಲ್ಲಾ ಕೇಳೈತಿ, ಸಹಿ ಮಾಡಲೇಬೇಕು."

ಅವರ ಕಣ್ಣು ಹೊಳೆಯುತ್ತಿತ್ತು. ದವಾಖಾನೆಯಲ್ಲಿ ಕಷ್ಟದ ಹೆರಿಗೆ ಮುಗಿಸಿ ಕೈ ತೊಳೆಯುವಾಗಿನ ಮುಖ ಅದು.

ಮುಂದಿನ ಬಾಗಿಲು

ಮರುದಿನ ಮುಂಜಾನೆ ನಾನು ರೋಜಾಬಾಯಿಯ ಅಡುಗೆಮನೆಯಲ್ಲಿದ್ದೆ. ಪೆಟ್ಟಿಗೆ ಮಾತಾಡಿತು. ದನಿ ಎಂದಿಗಿಂತ ಮೃದುವಾಗಿತ್ತು. ಮೊದಲು ಮಳೆ ಇಲ್ಲ ಎಂದಿತು. ಆಮೇಲೆ, ನಿನ್ನೆ ಬಂದಿದ್ದ ಪರದೇಶದ ಬಡ ಹೆಣ್ಣುಮಗಳು ಮುಗ್ಧೆ, ನಮ್ಮ ವ್ಯವಹಾರ ಅವಳಿಗೆ ತಿಳಿಯದು, ಅವಳ ಮೇಲೆ ಸಿಟ್ಟಾಗಬೇಡಿರಿ ಎಂದಿತು. ಆ ಮನೆಗೆ ನಾನು ಹೋಗುವುದು ನಿಜ, ಅವರನ್ನು ನಮ್ಮ ದೇವರ ದಾರಿಗೆ ತರುವ ಆಸೆಯಿಂದ ಹೋಗುತ್ತಿದ್ದೆ. ಜಾಮೀನಿನ ಮಾತು ಯಾರೋ ತಪ್ಪು ತಿಳಿದುಕೊಂಡದ್ದು. ಇನ್ನು ಹೋಗುವುದಿಲ್ಲ.

ರೋಜಾಬಾಯಿ ನಾದುವುದನ್ನು ನಿಲ್ಲಿಸಲಿಲ್ಲ. ಜಡೆ ಹೆಣೆದರು, ಮೇಲೆ ತತ್ತಿಯ ಲೋಳೆ ಸವರಿದರು, ಒಲೆಯಲ್ಲಿಟ್ಟರು. ಕೈ ತೊಳೆದುಕೊಂಡು ಬಂದು ನನ್ನೆದುರು ಕೂತರು.

"ನಿನ್ನೆ ನೀವೇ ಅಂದ್ರೇನು ಅದನ್ನ?"

"ಇಲ್ರಿ ಅಕ್ಕಾರ. ಊಟ ಹಾಕಿದ್ರಿ ಅಂತ ಅಂದೆ, ಅಷ್ಟ."

ಒಂದು ಗಳಿಗೆ ನನ್ನ ಮುಖ ನೋಡಿ ತಲೆಯಾಡಿಸಿದರು. ಯಾರು ಎಂದು ಅವರಿಗೆ ತಿಳಿಯಿತು.

ಸಂಜೆ ಬಾಯಾರು ಹೋದರು. ಹಿತ್ತಲಿನಿಂದಲ್ಲ, ಬೀದಿಯ ಕಡೆಯಿಂದ ಸುತ್ತಿ, ಮುಂದಿನ ಬಾಗಿಲು ಬಡಿದು ಹೋದರು. ನಾನೂ ಜೊತೆಗಿದ್ದೆ. ರೋಜಾಬಾಯಿ ಒಳಗೆ ಕರೆದು, ಒಳ್ಳೆಯ ಕಪ್ಪುಗಳನ್ನು ತೆಗೆದು ಚಹಾ ಕೊಟ್ಟರು. ಬಾಯಾರು ತಮ್ಮನನ್ನು ಬೈದರು, ಊರನ್ನು ಬೈದರು, ಹಿಟ್ಟಿನ ಕಂಪನಿಯನ್ನು ಬೈದರು. ರೋಜಾಬಾಯಿ ಎಲ್ಲ ಕೇಳಿಕೊಂಡರು.

"ಡಾಕ್ಟರಬಾಯಿ, ನೀವು ಹೇಳಿದ್ದು ಖರೇನ ಐತಿ" ಎಂದರು ಕಡೆಗೆ. "ಆದ್ರ ಅದನ್ನ ಹೇಳೂಕಿಂತ ಮೊದಲ ನನ್ನ ಒಂದು ಮಾತು ಕೇಳಬೇಕಿತ್ತು. ಹಾನಾ ನನ್ನ ತಂಗಿ. ಅವನ ಬಾಯಿಂದ ಆ ಮಾತು ದಿನಾ ಕೇಳಿ ನುಂಗೂದು ನನ್ನ ಪಾಲಿನ ಕೆಲಸ ಆಗಿತ್ತು. ಇನ್ನೂ ನಾಲ್ಕು ದಿನ ನುಂಗ್ತಿದ್ದೆ."

"ಅವ ಎಂದೂ ಸಹಿ ಮಾಡ್ತಿದ್ದಿಲ್ಲ, ರೋಜಾ."

"ಇರಬಹುದು. ಈಗ ನಮಗ ಅದೂ ಗೊತ್ತಾಗೂದಿಲ್ಲ."

ಬಾಯಾರು ಕಪ್ಪನ್ನು ತಟ್ಟೆಯ ಮೇಲೆ ಇಟ್ಟರು. ಹುಬ್ಬಳ್ಳಿಯಲ್ಲಿ ಗೌಡರನ್ನೂ ಕಲೆಕ್ಟರನ್ನೂ ಜಬರಿಸಿದ ಹೆಂಗಸು ಅವರು. ಅವತ್ತು ಬಂದ ಬಾಗಿಲಿನಿಂದಲೇ ತಲೆ ತಗ್ಗಿಸಿ ಹೊರಗೆ ನಡೆದರು.

ಆಮೇಲೆ ರೋಜಾಬಾಯಿಯ ಗಂಡ ದೂರದ ಶಹರದಲ್ಲಿ ಯಾರನ್ನೋ ಹಿಡಿದು ಜಾಮೀನು ಮಾಡಿಸಿದರು. ಕಾಗದಗಳು ಮತ್ತೆ ಮೊದಲಿನಿಂದ ಹೋಗಬೇಕಾಯಿತು. ಅವು ಕಚೇರಿ ಕಚೇರಿ ತಿರುಗುತ್ತಿರುವಾಗಲೇ ಯುದ್ಧ ಶುರುವಾಯಿತು. ಯುದ್ಧ ಮುಗಿದ ಮೇಲೆ ರೋಜಾಬಾಯಿ ನನಗೆ ಬರೆದರು: ಹಾನಾಳನ್ನೂ ಮಗಳನ್ನೂ ಪೂರ್ವದ ಕಡೆ ಹೋಗುವ ರೈಲಿಗೆ ಹತ್ತಿಸಿದ್ದನ್ನು ಕಂಡವರಿದ್ದಾರೆ, ಇಳಿದದ್ದನ್ನು ಕಂಡವರಿಲ್ಲ.

ಬಾಯಾರು ಮಾಡಿದ್ದು ಸರಿಯೋ ತಪ್ಪೋ ಎಂದು ನೀವು ಕೇಳಬಹುದು. ಇಷ್ಟು ವರುಷ ಯೋಚನೆ ಮಾಡಿದ್ದೇನೆ. 'ಖರೇ ಮಾತು ಆಡಿದರು' ಎನ್ನುವಾಗ ಹಾನಾಳ ಹೆಸರು ಎದುರು ಬರುತ್ತದೆ. 'ಸುಮ್ಮನಿರಬೇಕಿತ್ತು' ಎನ್ನುವಾಗ ಸಾಹೇಬರ ದನಿ ಕೇಳುತ್ತದೆ.

ಮರಳುವ ರೈಲು

ಆ ವರುಷವೇ, ಚಳಿಗಾಲಕ್ಕೆ ಮೊದಲು ನಾನು ಹೊರಟೆ. ಬಾಯಾರು ಹಾಸಿಗೆ ಹಿಡಿದಿದ್ದರು, ಹುಬ್ಬಳ್ಳಿಗೆ ಮರಳುವ ಮಾತೇ ಇರಲಿಲ್ಲ. ಬಂದರದಲ್ಲಿ ಮಿಶನ್ನಿನ ಇಬ್ಬರು ನರ್ಸುಗಳು ನನ್ನನ್ನು ಕೂಡಿಕೊಳ್ಳುವವರಿದ್ದರು. "ದವಾಖಾನಿ ಬಾವಿ ಹತ್ರ ನಾ ಹಚ್ಚಿದ ಪೇರಲ ಗಿಡಕ್ಕ ನೀರು ಹಾಕು" ಎಂದು ಬಾಯಾರು ನನ್ನ ಕೈ ಒತ್ತಿದರು. ರೋಜಾಬಾಯಿ ದಾರಿಗೆ ಬೆಣ್ಣೆಯ ಬಿಸ್ಕತ್ತು ಕಟ್ಟಿಕೊಟ್ಟರು. "ಪೂರಾ ನೀಲಿ ಪಾತ್ರಿದ" ಎಂದರು.

ಸ್ಟೇಷನ್ನಿಗೆ ಬಿಡಲು ಬಂದವರು ಸಾಹೇಬರೇ. ತಾವೇ ಮೋಟಾರು ಓಡಿಸಿದರು. ಆಮೇಲೆ ರಸ್ತೆ ನೋಡುತ್ತಲೇ, "ನಾ ಸಹಿ ಮಾಡಾವ್ನೇ ಇದ್ದೆ. ಅಕ್ಕ ಕೆಡಿಸಿದಳು" ಎಂದರು. ಸ್ವಲ್ಪ ದೂರ ಹೋಗಿ ಮತ್ತೆ ಅದನ್ನೇ ಅಂದರು.

ಇಡೀ ಪ್ರವಾಸದಲ್ಲಿ ನಾನಾಗಿ ಅವರೊಂದಿಗೆ ಇಂಗ್ಲಿಷಿನಲ್ಲಿ ಆಡಿದ್ದು ಎರಡೇ ಶಬ್ದ.

"ಈಗ ಮಾಡ್ರಿ."

ಅವರು ನನ್ನ ಕಡೆ ತಿರುಗಿ ನೋಡಿದರು. "ಈಗ ಹ್ಯಾಂಗ ಆಗ್ತದ? ಜನ ಏನಂತಾರ?" ಎಂದರು. ಯಾರಿಗೂ ಕೇಳಿಸಬಾರದೆಂಬಂತೆ, ಬಹಳ ಮೆತ್ತಗೆ.

ಸ್ಟೇಷನ್ನಿನಲ್ಲಿ ಹಮಾಲನನ್ನು ಕರೆಯಗೊಡದೆ ನನ್ನ ಟ್ರಂಕನ್ನು ತಾವೇ ಹೆಗಲ ಮೇಲೆ ಹೊತ್ತು ತಂದು ಇಟ್ಟರು. ಕಿಟಕಿಯ ಪಕ್ಕದ ಜಾಗ ಹುಡುಕಿ ಕೂರಿಸಿದರು. ನನ್ನನ್ನು ಜೋಪಾನವಾಗಿ ನೋಡಿಕೊಳ್ಳಬೇಕೆಂದು ಟಿಕೀಟಿನವನಿಗೆ ಹೇಳಿದರು. ಗಾಡಿ ಬಿಡುವವರೆಗೂ ಚಳಿಯಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು. "ನಮಸ್ಕಾರ" ಎಂದರು. ನಾನೂ ಕೈ ಮುಗಿದೆ.

ಗಾಡಿ ಹೊರಟ ಮೇಲೆ ಎದುರಿಗೆ ಕೂತಿದ್ದ ಹೆಂಗಸು ನನ್ನ ಕಡೆ ಬಾಗಿದಳು. ಹಳ್ಳಿಯ ಒಕ್ಕಲುತನದವಳು. ಒರಟು ಕೈ, ಮಡಿಲಲ್ಲಿ ಸೇಬಿನ ಬುಟ್ಟಿ, ಕಣ್ಣಲ್ಲಿ ಅಂತಃಕರಣ.

"ಅವರು ನಮ್ಮ ಕ್ಲೈಡ್ ಕಾಕಾ ಅಲ್ಲೇನ್ರಿ? ದನಿ ಕೇಳಿದ ಕೂಡ್ಲೇ ಗುರ್ತು ಹಿಡಿದೆ! ನಿಮಗ ಅವರು ಗೊತ್ತೇನು?"

ಗೊತ್ತು ಎಂದೆ. ಅಷ್ಟಕ್ಕೇ ಸುಮ್ಮನಿರುವವಳು ನಾನು. ಅವತ್ತು ಏನಾಯಿತೋ, ನನ್ನ ಮುರುಕು ಇಂಗ್ಲಿಷಿನಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದೆ. ಹಿತ್ತಲ ಬಾಗಿಲು, ಬ್ರೆಡ್ಡು, ಹಾನಾ, ಅವಳ ಸಣ್ಣ ಮಗಳು, ಸುಣ್ಣ ಹೊಡೆಸಿದ ಕೋಣೆ, ಮರುದಿನದ ಮಾತು. ಶಬ್ದ ಸಿಗದಿದ್ದಲ್ಲಿ ಕೈಯಿಂದ ತೋರಿಸಿದೆ. ಅವಳು ನಡುವೆ ಒಮ್ಮೆಯೂ ಬಾಯಿ ಹಾಕದೆ ಕೇಳಿದಳು. ಕಡೆಗೆ ಆ ಮಗುವಿನ ವಯಸ್ಸು ಎಷ್ಟು ಎಂದು ವಿಚಾರಿಸಿದಳು. ಕಣ್ಣು ಒರೆಸಿಕೊಂಡಳು. ಬುಟ್ಟಿಯಿಂದ ಒಳ್ಳೆಯದೊಂದು ಸೇಬು ಆರಿಸಿ, ಸೆರಗಿನಂಥ ತನ್ನ ಮುಂದುಬಟ್ಟೆಯಲ್ಲಿ ಉಜ್ಜಿ ನನ್ನ ಕೈಗಿಟ್ಟಳು. ಬಹಳ ಹೊತ್ತು ಕಿಟಕಿಯಾಚೆ ಬರಿದಾದ ಗೋಧಿ ಹೊಲ ನೋಡುತ್ತ ಕೂತಳು.

ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದಳು:

"ಏನಽ ಅನ್ರಿ, ದನಿ ಮಾತ್ರ ಎಷ್ಟು ಛಂದ ಐತಿ ಅವರದು."